ಐದನೇ ಬಾಗಿಲ ಕೊಕ್ಕರೆ

ಅಮ್ಮನ ಹೊಲಿಗೆ ಯಂತ್ರದ ಮೇಲ್ಗಡೆ ಗೋಡೆಯಲ್ಲಿ ಒಂದು ಗಡಿಯಾರ ಇದೆ. ಅದು ಗಿರಾಕಿಗಳಿಗೆ. ಅಡುಗೆಮನೆಯಲ್ಲಿ ಗಡಿಯಾರ ಇಲ್ಲ. ಅಲ್ಲಿ ಅಜ್ಜಿ ಹೊತ್ತನ್ನು ಕಥೆಗಳಲ್ಲಿ ಅಳೆಯುತ್ತಾಳೆ. ಹಾಲು ಉಕ್ಕುವುದಕ್ಕೆ ಸೀನುವ ಮಂತ್ರಿಯ ಕಥೆ. ಮಂತ್ರಿ ಸೀನಿದ ಎಂದರೆ ಒಲೆ ಆರಿಸಬೇಕು. ಆಲೂಗಡ್ಡೆ ಬೇಯುವುದಕ್ಕೆ ಇಬ್ಬರು ಕಳ್ಳರು ಒಂದೇ ಗೋಡೆಗೆ ಎರಡು ಕಡೆಯಿಂದ ಕನ್ನ ಹಾಕಿದ ಕಥೆ. ಬೇಸಿಗೆಯಲ್ಲಿ ಐಸ್ ಕ್ಯಾಂಡಿ ಮಾಡುವುದಕ್ಕೆ ಏಳು ಬಾಗಿಲ ಕಥೆ. ಅದು ಎಲ್ಲಕ್ಕಿಂತ ಉದ್ದ.

ನಮ್ಮ ಐಸ್ ಕ್ಯಾಂಡಿಗೆ ಕಡ್ಡಿ ಇರುವುದಿಲ್ಲ. ಎಂಟು ಪುಟ್ಟ ಸ್ಟೀಲ್ ಲೋಟ, ಎಂಟು ಚಮಚ. ಲೋಟದ ಅರ್ಧಕ್ಕೆ ಕಲ್ಲಂಗಡಿ ರಸ ಹಾಕಿ ಫ್ರೀಜರಿನಲ್ಲಿಟ್ಟು ಅಜ್ಜಿ ಕಥೆ ಶುರು ಮಾಡುತ್ತಾಳೆ. ಕಥೆ ಮುಗಿಯುವ ಹೊತ್ತಿಗೆ ರಸ ಅರೆಗಟ್ಟಿಯಾಗಿ, ನೆಟ್ಟ ಚಮಚ ನೆಟ್ಟಗೆ ನಿಲ್ಲುವ ಹದಕ್ಕೆ ಬಂದಿರುತ್ತದೆ. ಆಗ ಚಮಚ ನೆಟ್ಟು, ಮೇಲೆ ಮಾವಿನ ಹಣ್ಣಿನ ತಿರುಳು ಸುರಿದು, ಮತ್ತೆ ಒಳಗಿಟ್ಟರೆ ಸಂಜೆಗೆ ಕೆಳಗೆ ಕೆಂಪು, ಮೇಲೆ ಹಳದಿ. ಚಮಚದ ಹಿಡಿ ಹಿಡಿದು ಎಳೆದರೆ ಲೋಟದಿಂದ ಪುಳಕ್ಕನೆ ಈಚೆ ಬರಬೇಕು. ಬೇಗ ನೆಟ್ಟರೆ ಚಮಚ ಮುಳುಗುತ್ತದೆ, ತಡವಾದರೆ ಇಳಿಯುವುದೇ ಇಲ್ಲ. ಅಜ್ಜಿ ಇಷ್ಟು ವರ್ಷದಲ್ಲಿ ಒಮ್ಮೆಯೂ ತಪ್ಪಿದವಳಲ್ಲ.

ಈ ಬೇಸಿಗೆಯಲ್ಲಿ ಅಜ್ಜಿಯ ಬಾಯಿಗೆ ಬೀಗ ಬಿತ್ತು. ಅವಳ ಗಂಟಲಲ್ಲಿ, ಸ್ವರ ಹುಟ್ಟುವ ಜಾಗದಲ್ಲೇ, ಕಡಲೆಕಾಳಿನ ಕಾಲುಭಾಗದಷ್ಟು ಗಂಟೊಂದು ಬೆಳೆದಿತ್ತು. ಗಂಟಲು ಡಾಕ್ಟರಮ್ಮ ಅದನ್ನು ತೆಗೆದುಹಾಕಿ, ಅಮ್ಮನನ್ನೂ ನನ್ನನ್ನೂ ಎದುರು ಕೂರಿಸಿಕೊಂಡು ಹೇಳಿದರು: "ಏಳು ದಿನ ಒಂದೇ ಒಂದು ಮಾತು ಆಡಕೂಡದು. ಪಿಸುಮಾತೂ ಬೇಡ, ಅದು ಇನ್ನೂ ಕೆಟ್ಟದ್ದು. ಗಾಯ ಮಾಗೋಕೆ ಮುಂಚೆ ಬಾಯಿ ಬಿಟ್ರೋ, ಸ್ವರ ಜೀವಮಾನ ಪೂರ್ತಿ ಒಡಕಲಾಗಿಬಿಡಬಹುದು. ಏಳನೇ ದಿನ ಸಾಯಂಕಾಲ ಐದು ಗಂಟೆಗೆ ಕರ್ಕೊಂಡು ಬನ್ನಿ. ಮೊದಲನೇ ಮಾತು ನನ್ನ ಮುಂದೇನೇ ಆಡಲಿ."

ಅಜ್ಜಿಯ ಸ್ವರ ಒಡಕಲಾಗುವುದೆಂದರೆ ಏನು ಎಂದು ನನಗೆ ಆಗಲೇ ಗೊತ್ತಾಯಿತು. ನಾನು ಬೆಳೆದದ್ದು ಅನ್ನ ತಿಂದು ಅರ್ಧ, ಆ ಸ್ವರ ಕೇಳಿ ಅರ್ಧ. ರಾಕ್ಷಸಿ ನಕ್ಕರೆ ಅದು ಅಜ್ಜಿಯ ಎದೆಯಾಳದಿಂದ ಬರಬೇಕು, ಗುಬ್ಬಿ ಅತ್ತರೆ ಮೂಗಿನ ತುದಿಯಿಂದ. ಒಡಕಲು ಸ್ವರದಲ್ಲಿ ಗುಬ್ಬಿ ಅತ್ತರೆ ಯಾರು ನಂಬುತ್ತಾರೆ?

ಆರು ದಿನ ಹೇಗೋ ಕಳೆದವು. ಅಜ್ಜಿಯ ಕೊರಳಿಗೆ ಅಮ್ಮ ಟೇಪಿನ ತುಂಡಿನಲ್ಲಿ ಒಂದು ಸ್ಲೇಟು ಕಟ್ಟಿದ್ದಳು. ಅಜ್ಜಿ ಅದರಲ್ಲಿ ಬರೆದು ಬೈದಳು, ಬರೆದು ಕರೆದಳು, ಬರೆದು ಹಾಡಲು ಕೂಡ ನೋಡಿದಳು. ಆದರೆ ಸ್ಲೇಟಿನ ಬೈಗುಳಕ್ಕೆ ಒಂದು ತೊಂದರೆ ಇದೆ. ಬೈಸಿಕೊಳ್ಳುವವರು ನಿಂತು ಓದಬೇಕು. ಮಾಮ ಓದುತ್ತಿರಲಿಲ್ಲ. ಅವನು ಅಮ್ಮನ ತಮ್ಮ, ಊರಿನ ಅರ್ಧ ಫ್ರಿಜ್ಜುಗಳನ್ನು ರಿಪೇರಿ ಮಾಡುವವನು. ಅಜ್ಜಿ ಸ್ಲೇಟು ಎತ್ತಿದ ಕೂಡಲೇ ಕಣ್ಣು ಮುಚ್ಚಿಕೊಂಡು, "ಅಮ್ಮಾ, ಇಷ್ಟು ವರ್ಷದಲ್ಲಿ ಈ ಮನೇಲಿ ಇಷ್ಟು ನೆಮ್ಮದಿ ಇರ್ಲಿಲ್ಲ ನೋಡು" ಅನ್ನುತ್ತಿದ್ದ. ಅಜ್ಜಿ ಸ್ಲೇಟಿನಿಂದಲೇ ಅವನ ತಲೆಗೆ ಒಂದು ಕೊಡುತ್ತಿದ್ದಳು.

ಏಳನೇ ದಿನ ಬೆಳಿಗ್ಗೆ ಅನಾಹುತ ಕೂದಲೆಳೆಯಲ್ಲಿ ತಪ್ಪಿತು. ಮೇಲಿನ ಮನೆಯಾಕೆ ಕುಂಡಗಳಿಗೆ ನೀರು ಹಾಕಿದಾಗ, ಕೆಸರು ನೀರು ಅಮ್ಮ ಇಸ್ತ್ರಿ ಮಾಡಿ ತೂಗುಹಾಕಿದ್ದ ಬಿಳಿ ಅಂಗಿಗಳ ಮೇಲೆ ತೊಟ್ಟಿಕ್ಕಿತು. ಅಜ್ಜಿ ಕಿಟಕಿಯಿಂದ ತಲೆ ಹೊರಹಾಕಿ, ಎದೆ ತುಂಬ ಉಸಿರೆಳೆದು, ಬಾಯಿ ತೆರೆದಳು. ನಾನು ಹಾರಿ ಹೋಗಿ ಅಂಗೈಯಿಂದ ಬಾಯಿ ಮುಚ್ಚಿದೆ. ಅಜ್ಜಿ ಕಚ್ಚಿದಳು. ಅವಳ ಹಲ್ಲುಗಳೆಲ್ಲ ಇನ್ನೂ ಅವಳವೇ.

"ಇದು ಸಾಯಂಕಾಲದ ತನಕ ನಡೆಯೋ ಕಥೆ ಅಲ್ಲ" ಎಂದಳು ಅಮ್ಮ, ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ. ಹೊಲಿಯುವಾಗ ಅವಳ ಬಾಯಿ ಯಾವಾಗಲೂ ಸೂಜಿಗೂಡು. "ಬಾಯಿಗೆ ಏನಾದ್ರೂ ಕೆಲ್ಸ ಕೊಡ್ಬೇಕು. ಗಂಟಲಿಗೆ ತಣ್ಣಗಿರೋದು ಕೊಡ್ಬಹುದು ಅಂದಿದಾರೆ ಡಾಕ್ಟ್ರು. ಐಸ್ ಕ್ಯಾಂಡಿ ಮಾಡಿ ಬಾಯಲ್ಲಿಟ್ಬಿಡು ಗಾಳಿಪಟ."

ಗಾಳಿಪಟ ಎಂದರೆ ನಾನು. ಪರೀಕ್ಷೆ ಮುಗಿಸಿ ಮನೆಯಲ್ಲಿದ್ದೆ, ಮನೆಯಲ್ಲಿದ್ದೂ ಎಲ್ಲೋ ಇದ್ದೆ. ಅದಕ್ಕೇ ಆ ಹೆಸರು.

ಅಜ್ಜಿ ಸ್ಲೇಟು ತಿರುಗಿಸಿದಳು: "ಮಾಡು. ಆದ್ರೆ ಕಥೆ ಇಲ್ದೆ ಗಟ್ಟಿಯಾಗಲ್ಲ."

ಮಾಮ ಬಿದ್ದು ಬಿದ್ದು ನಕ್ಕ. "ಫ್ರಿಜ್ಜಿಗೆ ಕಿವಿ ಇಲ್ಲ ಅಮ್ಮ. ಅದರೊಳಗಿರೋದು ಗ್ಯಾಸು. ನಲವತ್ತು ನಿಮಿಷ, ಎಣಿಸಿ ನಲವತ್ತು ನಿಮಿಷಕ್ಕೆ ಚಮಚ ನಿಲ್ಸಿ ತೋರಿಸ್ತೀನಿ." ಮೊಬೈಲಿನಲ್ಲಿ ಅಲಾರಾಂ ಇಟ್ಟ. ಕಿಸೆಯಿಂದ ತನ್ನ ಕಸುಬಿನ ಥರ್ಮಾಮೀಟರ್ ತೆಗೆದ.

ನಾನು ಕಲ್ಲಂಗಡಿ ಹೆಚ್ಚಿ, ಬೀಜ ಹೆಕ್ಕಿ, ರುಬ್ಬಿ, ಸೋಸಿ, ಚಿಟಿಕೆ ಉಪ್ಪು ಹಾಕಿ ಎಂಟು ಲೋಟ ಒಳಗಿಟ್ಟೆ. ಮಾಮ ಐದು ನಿಮಿಷಕ್ಕೊಮ್ಮೆ ಬಾಗಿಲು ತೆಗೆದು ಥರ್ಮಾಮೀಟರ್ ಒಳಗೆ ಚಾಚಿದ. "ಹ್ಞೂಂ, ಬರ್ತಾ ಇದೆ" ಎಂದ. ಮತ್ತೆ ತೆಗೆದ. "ಅಂಚಲ್ಲಿ ಕಟ್ತಾ ಇದೆ" ಎಂದ. ಅಲಾರಾಂ ಹೊಡೆದಾಗ ಚಮಚ ನೆಟ್ಟೆವು. ಎಂಟೂ ಚಮಚಗಳು ಕುಡಿದವರ ಹಾಗೆ ಒಂದು ಕಡೆಗೆ ವಾಲಿ ಮುಳುಗಿದವು. ಮೇಲೆ ಸುರಿದ ಮಾವಿನ ತಿರುಳು ಕಲ್ಲಂಗಡಿಯ ಜೊತೆ ಬೆರೆತು ಹೊಳೆಯ ಕೆಸರಿನ ಬಣ್ಣಕ್ಕೆ ತಿರುಗಿತು.

ಅಜ್ಜಿ ಬಳಪ ಕೆಳಗಿಟ್ಟಳು. ಕುರ್ಚಿಯಲ್ಲಿ ಕೂತು ಕಾಲು ಆಡಿಸಿದಳು. ಅದು ಬರೆದದ್ದಕ್ಕಿಂತ ಹೆಚ್ಚಾಗಿತ್ತು.

"ಫ್ರಿಜ್ಜೇ ಹಳೇದು" ಎಂದ ಮಾಮ.

"ಫ್ರಿಜ್ಜು ಹಳೇದಲ್ಲ, ನಿನ್ನ ಕೈ ಹೊಸದು" ಎಂದಳು ಅಮ್ಮ. "ಲೋ, ಹೆರಿಗೆ ಕೋಣೆಗೆ ಇಣುಕಿದ ಹಾಗೆ ಇಣುಕ್ತಿದ್ರೆ ತಣ್ಣಗೆ ಹೇಗಾಗ್ಬೇಕು? ಅಮ್ಮ ಕಥೆ ಹೇಳುವಾಗ ಯಾರಾದ್ರೂ ಎದ್ದು ಹೋಗಿ ಬಾಗಿಲು ತೆಗೆದದ್ದುಂಟಾ?"

ಆಗ ನನಗೆ ಹೊಳೆಯಿತು. ಕಥೆ ಎಂದರೆ ಫ್ರೀಜರಿಗೆ ಹಾಕುವ ಬೀಗ. ಕೇಳುವವರು ಕೂತಲ್ಲೇ ಕಟ್ಟಿಬಿದ್ದಿರುವಷ್ಟು ಹೊತ್ತು ಒಳಗಿನ ರಸ ತನ್ನ ಪಾಡಿಗೆ ತಾನು ಹೆಪ್ಪುಗಟ್ಟುತ್ತದೆ. ಕೆಸರನ್ನು ಮಾಮನಿಗೇ ಕುಡಿಸಿ, ಲೋಟ ತೊಳೆದು, ಉಳಿದ ಕಲ್ಲಂಗಡಿಯಲ್ಲಿ ಹೊಸದಾಗಿ ರಸ ತೆಗೆದೆ. ಚಮಚಗಳನ್ನು ಈ ಸಲ ಹೊರಗೆ ಇಟ್ಟುಕೊಂಡು ಕಾಯುವುದು ಬೇಡವೆಂದು ಆಗಲೇ ಲೋಟಗಳಿಗೆ ಇಳಿಸಿ ಒರಗಿಸಿಟ್ಟೆ, ಕಥೆ ಮುಗಿದ ಮೇಲೆ ನೆಟ್ಟಗೆ ಮಾಡಿದರಾಯಿತು ಎಂದು. ಬಾಗಿಲು ಮುಚ್ಚಿ, ಅಡುಗೆಮನೆಯ ನೆಲದ ಮೇಲೆ ಅಜ್ಜಿಯ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ.

"ಕಥೆ ನಾನು ಹೇಳ್ತೀನಿ" ಎಂದೆ.

ಅಜ್ಜಿ ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದಳು. ಬಳಪ ಎತ್ತಿಕೊಂಡಳು. ಮಾಮನೂ ಬಂದು ಗೋಡೆಗೆ ಒರಗಿದ. ಅಮ್ಮ ಹೊಲಿಯುತ್ತಿದ್ದ ಅಂಗಿಯ ಕಾಲರ್ ಹಿಡಿದುಕೊಂಡು ಬಾಗಿಲ ಬಳಿ ಕೂತಳು.

"ಬಿಸಿಲಿಗೆ ಇನ್ನೂ ಮಾತು ಕೇಳೋ ಬುದ್ಧಿ ಬಾರದ ಕಾಲ" ಎಂದು ಅಜ್ಜಿಯ ಹಾಗೇ ತೆಗೆದೆ. "ಒಬ್ಬ ರಾಜ ಇದ್ದ. ಅವನಿಗೆ ಎಷ್ಟು ತಂಪಿದ್ರೂ ಸಾಲದು. ರಾಜ್ಯದಲ್ಲಿರೋ ನೆರಳನ್ನೆಲ್ಲ, ಮರದ್ದು, ಗೋಡೆದು, ಹಸುವಿನ ಹೊಟ್ಟೆ ಕೆಳಗಿಂದು, ಎಲ್ಲ ಸುತ್ತಿ ಮಡಿಸಿ ಅರಮನೆ ಒಳಗಿಟ್ಟು ಏಳು ಬಾಗಿಲು ಹಾಕಿಬಿಟ್ಟ. ಆಗ ಕೊಡೆ ಹೊಲಿಯೋಳ ಮಗಳು, ಹತ್ತು ವರ್ಷದೋಳು—"

ಸ್ಲೇಟು ಎದ್ದಿತು: "ಒಂಬತ್ತು."

"ಒಂಬತ್ತು ವರ್ಷದೋಳು, ನೆರಳು ತರೋಕೆ ಹೊರಟ್ಲು. ಮೊದಲನೇ ಬಾಗಿಲು ಮರದ್ದು. ಅದರ ಹತ್ರ ಹೋಗಿ, ನೀನು ಮರ ಆಗಿದ್ದಾಗ ನಿನ್ನ ಮೇಲೆ ಗೂಡು ಕಟ್ಟಿದ ಹಕ್ಕಿ ಚೆನ್ನಾಗಿದೆ ಅಂದ್ಲು. ಬಾಗಿಲಿಗೆ ಕಣ್ಣಲ್ಲಿ ನೀರು ಬಂದು ಊದಿಕೊಂಡು ತಾನೇ ತೆರೆದುಕೊಳ್ತು. ಎರಡನೇದು ಕಲ್ಲಿಂದು."

ಸ್ಲೇಟು: "ಕೀರಲ್ ಸದ್ದು ಎಲ್ಲಿ?"

ಬಾಗಿಲು ಕಿರುಗುಟ್ಟುವ ಸದ್ದು ಮಾಡಿ ತೋರಿಸಿದೆ. ಅಜ್ಜಿ ಮುಖ ಸಿಂಡರಿಸಿದಳು. ಕಲ್ಲಿನ ಬಾಗಿಲು, ತಾಮ್ರದ ಬಾಗಿಲು, ಮುಳ್ಳಿನ ಬಾಗಿಲು, ಒಂದೊಂದಕ್ಕೂ ಸ್ಲೇಟು ನಾಲ್ಕು ನಾಲ್ಕು ಸಲ ಎದ್ದಿತು. ಬಳಪ ಕಡಲೆಯಷ್ಟಾಯಿತು. ನಾಲ್ಕನೇ ಬಾಗಿಲು ದಾಟಿ ನಾನು ಗಕ್ಕನೆ ನಿಂತುಬಿಟ್ಟೆ.

ಐದನೇ ಬಾಗಿಲು ಯಾವುದು?

ನನಗೆ ಗೊತ್ತಿರಲಿಲ್ಲ. ಇಪ್ಪತ್ತು ಬೇಸಿಗೆ ಈ ಕಥೆ ಕೇಳಿದ್ದೇನೆ, ಅಷ್ಟೂ ಬೇಸಿಗೆ ಮುಳ್ಳಿನ ಬಾಗಿಲ ಹತ್ತಿರ ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದೇನೆ. ಅಜ್ಜಿ ಲೋಟಕ್ಕೆ ಚಮಚ ತಟ್ಟಿದಾಗ ಎಚ್ಚರ. ಅಷ್ಟು ಹೊತ್ತಿಗೆ ಹುಡುಗಿ ಏಳನೇ ಬಾಗಿಲು, ನೀರಿನದು, ಅದನ್ನೂ ದಾಟಿ ನೆರಳು ಹೊತ್ತುಕೊಂಡು ಬರುತ್ತಿರುತ್ತಾಳೆ.

"ಅಮ್ಮ, ಐದನೇದು ಯಾವ್ದು?" ಎಂದು ಪಿಸುಗುಟ್ಟಿದೆ.

"ನನ್ನ ಕೇಳ್ಬೇಡ. ನಾನು ತಾಮ್ರದ್ದರಲ್ಲೇ ಮಲಗಿಬಿಡ್ತಿದ್ದೆ."

"ಮಾಮ?"

"ಬಾಗಿಲು ಏಳಿದಾವಾ?" ಎಂದ ಮಾಮ.

ಅಜ್ಜಿಯ ಮುಖ ಕಲ್ಲಂಗಡಿಯ ಬಣ್ಣಕ್ಕೆ ತಿರುಗುತ್ತಿತ್ತು. ಇಷ್ಟು ವರ್ಷ ತನ್ನ ಕಥೆಯ ನಡುಮನೆಯನ್ನು ಯಾರೂ ನೋಡಿಯೇ ಇಲ್ಲ ಎಂಬುದು ಅವಳಿಗೆ ಆಗಷ್ಟೇ ತಿಳಿದಿತ್ತು. ನಾನು ಹೆದರಿ ಫ್ರೀಜರ್ ಕಡೆ ನೋಡಿದೆ. ಅದರೊಳಗೆ ಒಂಟಿ ಕಾಲಲ್ಲಿ ವಾಲಿ ನಿಂತ ಚಮಚಗಳು ಕಣ್ಣಿಗೆ ಕಟ್ಟಿದವು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಐದನೇ ಬಾಗಿಲು... ಅಲ್ಲಿ ಬಾಗಿಲೇ ಕಾಣಲ್ಲ. ಯಾಕಂದ್ರೆ ಅದರ ಮುಂದೆ ಒಂದು ಕೊಕ್ಕರೆ ನಿಂತಿದೆ. ಒಂದೇ ಕಾಲಲ್ಲಿ. ಇನ್ನೊಂದು ಕಾಲು ಎಲ್ಲಿಟ್ಟೆ ಅನ್ನೋದು ಅದಕ್ಕೇ ಮರೆತುಹೋಗಿದೆ."

ಅಜ್ಜಿ ಬಳಪ ಒತ್ತಿದಳು. ಅದು ಟಪ್ಪೆಂದು ಮುರಿದು, ಉರುಳಿಕೊಂಡು ಬಾಗಿಲಾಚೆಯ ಹೊಲಿಗೆ ಯಂತ್ರದ ಕೆಳಗೆ ಹೋಯಿತು. ಬರಿ ಬೆರಳಿನಿಂದ ಸ್ಲೇಟು ಗೀಚಿದಳು, ಮೂಡಲಿಲ್ಲ. ಎದ್ದು ನಿಂತಳು. ಎದೆ ಉಬ್ಬಿತು. ಬಾಯಿ ತೆರೆಯಿತು.

"ಅಮ್ಮಾ, ಬೇಡ!" ಎಂದು ಅಮ್ಮ ಕೂಗಿದಳು. ಸೂಜಿಗಳೆಲ್ಲ ನೆಲಕ್ಕೆ ಬಿದ್ದವು.

ಬಾಗಿಲು ತೆಗೆಯಬಾರದೆಂಬ ನಿಯಮ ಮುರಿದೆ. ಫ್ರೀಜರ್ ತೆರೆದು ಕೈಗೆ ಸಿಕ್ಕ ಚಮಚ ಎಳೆದೆ. ಅದರ ತುದಿಗೆ ಅರೆಗಟ್ಟಿಯಾದ ಕೆಂಪು ಮುದ್ದೆಯೊಂದು ಅಂಟಿಕೊಂಡು ಬಂತು. ಅಜ್ಜಿಯ ತೆರೆದ ಬಾಯಿಗೆ ಅದನ್ನು ಇಟ್ಟುಬಿಟ್ಟೆ.

ಬಾಯಿ ಮುಚ್ಚಿತು. ಅಜ್ಜಿಯ ಕಣ್ಣುಗಳು ದೊಡ್ಡದಾಗಿ, ಸಣ್ಣದಾಗಿ, ಕೊನೆಗೆ ಮುಚ್ಚಿಕೊಂಡವು. ಆರು ದಿನದಿಂದ ಉರಿಯುತ್ತಿದ್ದ ಗಂಟಲಿಗೆ ತಂಪು ಇಳಿಯುವುದು ಹೊರಗಿನಿಂದಲೇ ಕಾಣುತ್ತಿತ್ತು. ಮೆಲ್ಲಗೆ ಕೂತಳು. ಆಮೇಲೆ ಚಮಚವನ್ನು ಬಾಯಲ್ಲಿ ಕಚ್ಚಿಕೊಂಡೇ, ಮುಂದುವರಿಸು ಎಂಬಂತೆ ಕೈಬೀಸಿದಳು.

ಮುಂದುವರಿಸಿದೆ. ಹುಡುಗಿ ಕೊಕ್ಕರೆಗೆ ಅದರ ಕಾಲು ಹುಡುಕಿಕೊಟ್ಟಳು. ಅದು ಅದರ ರೆಕ್ಕೆಯ ಕೆಳಗೇ ಇತ್ತು. ಅಜ್ಜಿ ಬಾಯಿ ತೆರೆದಳು. ಎರಡನೇ ಚಮಚ. ಕೊಕ್ಕರೆ ಎರಡು ಕಾಲಲ್ಲಿ ನಡೆಯುವುದು ಮರೆತು ಮುಗ್ಗರಿಸಿತು. ಮೂರನೇ ಚಮಚ. ಆರನೇ ಬಾಗಿಲನ್ನು ನಾನು ನಿದ್ದೆಯಿಂದ ಮಾಡಿದೆ, ನನಗೆ ಗೊತ್ತಿದ್ದುದು ಅದೊಂದೇ. ಅದಕ್ಕೆ ಎರಡು ಚಮಚ ಬೇಕಾಯಿತು. ಹುಡುಗಿ ನೆರಳುಗಳ ಗಂಟು ಬಿಚ್ಚಿ ಹಸುವಿಗೆ ಹಸುವಿನದು, ಮರಕ್ಕೆ ಮರದ್ದು ಹಂಚಿ ಮುಗಿಸುವ ಹೊತ್ತಿಗೆ ಎಂಟು ಲೋಟಗಳೂ ಬರಿದು. ಅಜ್ಜಿಯ ತುಟಿ ಕೆಂಪಾಗಿ, ಗಲ್ಲದ ಮೇಲೆ ಒಂದು ಹನಿ ನಿಂತಿತ್ತು. ಒಂದೇ ಒಂದು ಮಾತು ಹೊರಗೆ ಬಂದಿರಲಿಲ್ಲ.

"ಎಂಟು ಲೋಟ ಕ್ಯಾಂಡಿ, ನಮಗೆ ಒಂದೂ ಉಳೀಲಿಲ್ಲ" ಎಂದ ಮಾಮ, ಖಾಲಿ ಲೋಟ ನೆಕ್ಕುತ್ತ.

ಗಂಟೆ ಹನ್ನೆರಡು. ಇನ್ನು ಐದು ಗಂಟೆ ದಾಟಬೇಕಿತ್ತು, ಲೋಟಗಳು ಖಾಲಿ, ನನ್ನ ಹೊಟ್ಟೆಯಲ್ಲಿ ಕಥೆಯೂ ಖಾಲಿ. ಕಲ್ಲಂಗಡಿ ಒಂದು ಹೋಳು ಉಳಿದಿತ್ತು, ಮಾವಿನ ತಿರುಳು ಪಾತ್ರೆ ತುಂಬ ಇತ್ತು. ಹೋಳನ್ನು ರುಬ್ಬಿ ಎಲ್ಲವನ್ನೂ ಒಟ್ಟಿಗೇ ಲೋಟಗಳಿಗೆ ಸುರಿದು ತಲೆ ಮೇಲೆ ಕೈಹೊತ್ತು ಕೂತೆ. ಅಜ್ಜಿ ತಂಪಿನ ಮತ್ತಿನಲ್ಲಿ ಕೋಣೆಗೆ ಹೋಗಿ ಮಲಗಿದ್ದಳು. ಅದೇ ನಮ್ಮ ಪುಣ್ಯ.

ಅಮ್ಮ ಎದ್ದು ಹೋಗಿ ಕಾಲರಿನೊಳಗೆ ಹಾಕುವ ಗಟ್ಟಿ ಬಕ್ರಂ ಬಟ್ಟೆಯ ಚೂರುಗಳನ್ನು ತಂದಳು. ಲೋಟದ ಬಾಯಿಯ ಅಳತೆಗೆ ಎಂಟು ಬಿಲ್ಲೆ ಕತ್ತರಿಸಿ, ಪ್ರತಿಯೊಂದರ ನಡುವೆ ಗುಂಡಿಗೆ ಕಾಜ ಮಾಡುವ ಹಾಗೆ ಒಂದು ಸೀಳು ಕೊಟ್ಟಳು. ಸೀಳಿನೊಳಗೆ ಚಮಚದ ಹಿಡಿಯನ್ನು ಕೆಳಗಿನಿಂದ ತೂರಿಸಿ ಬಿಲ್ಲೆಯನ್ನು ಲೋಟದ ಮೇಲಿಟ್ಟಳು. ಚಮಚ ನೀರಿನಂಥ ರಸದಲ್ಲೇ ನೆಟ್ಟಗೆ ನಿಂತಿತು, ಸಿಪಾಯಿಯ ಹಾಗೆ. ಕಾಯಬೇಕಿಲ್ಲ, ಹದ ನೋಡಬೇಕಿಲ್ಲ.

ನಾನು ಬಾಯಿ ಬಿಟ್ಟು ನೋಡಿದೆ. "ಅಮ್ಮ, ಇದು ಯಾವಾಗ ಹೊಳೀತು?"

"ಕಾಜ ಹೊಲಿಯೋದು ಕಲಿತ ವರ್ಷ. ನೀನಿನ್ನೂ ಹುಟ್ಟಿರ್ಲಿಲ್ಲ."

"ಮತ್ತೆ ಇಷ್ಟು ವರ್ಷ ಯಾಕೆ ಸುಮ್ನಿದ್ದೆ?"

ಅಮ್ಮ ಕೋಣೆಯ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಹೇಳಿದ್ರೆ ಅಮ್ಮ ಕಥೆ ಯಾಕೆ ಹೇಳ್ತಿದ್ಲು? ಲೋಟ ಒಳಗಿಟ್ಟು ಕೈ ತೊಳ್ಕೊಂಡು ಹೋಗ್ತಿದ್ಲು. ಸುಮ್ನೆ ಒಳಗಿಡು. ಅಜ್ಜಿಗೆ ಹೇಳಿದ್ಯೋ, ಗಾಳಿಪಟದ ದಾರ ಕತ್ತರಿಸ್ತೀನಿ."

ಐದು ಗಂಟೆಗೆ ಅಜ್ಜಿ ಡಾಕ್ಟರಮ್ಮನ ಮುಂದಿನ ಎತ್ತರದ ಕುರ್ಚಿಯಲ್ಲಿ ಕೂತಿದ್ದಳು. ಒಂದು ಕಡೆ ಅಮ್ಮ, ಒಂದು ಕಡೆ ಮಾಮ, ಎದುರಿಗೆ ನಾನು. ಡಾಕ್ಟರಮ್ಮ ಸಣ್ಣ ಕನ್ನಡಿಯನ್ನು ಗಂಟಲಿಗಿಳಿಸಿ ನೋಡಿದರು. ಹುಬ್ಬು ಗಂಟಿಕ್ಕಿದರು.

"ಒಳಗೆಲ್ಲ ಕೆಂಪಾಗಿದೆಯಲ್ಲ! ಮಾತಾಡಿದ್ರಾ?"

ನಾನು ಬೇಗನೆ ಇಲ್ಲ ಎಂದು ತಲೆಯಾಡಿಸಿದೆ.

"ಕಲ್ಲಂಗಡಿ ಡಾಕ್ಟ್ರೇ" ಎಂದಳು ಅಮ್ಮ. "ಎಂಟು ಲೋಟ."

ಡಾಕ್ಟರಮ್ಮ ಅಜ್ಜಿಗೆ ನೀರು ಕುಡಿಸಿ ಮತ್ತೆ ನೋಡಿದರು. ಹುಬ್ಬು ಸಡಿಲವಾಯಿತು. "ಗಾಯ ಚೆನ್ನಾಗಿ ಮಾಗಿದೆ. ಈಗ ಮೆಲ್ಲಗೆ ಒಂದು ಮಾತು ಹೇಳಿ ಅಜ್ಜಿ. ಏನಾದ್ರೂ ಸರಿ."

ಅಜ್ಜಿ ಗಂಟಲು ಸರಿಮಾಡಿಕೊಳ್ಳಲು ಹೋಗಿ, ಬೇಡವೆಂದು ನೆನಪಾಗಿ, ಉಸಿರು ಹಿಡಿದಳು. ಮಾಮ ತನ್ನ ಥರ್ಮಾಮೀಟರನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದ. ಅಜ್ಜಿ ಡಾಕ್ಟರಮ್ಮನನ್ನು ನೋಡಲಿಲ್ಲ, ಮಗಳನ್ನೂ ಮಗನನ್ನೂ ನೋಡಲಿಲ್ಲ. ನನ್ನ ಕಡೆ ಬೆರಳು ತೋರಿಸಿದಳು.

"ಐದನೇ ಬಾಗಿಲು ಕನ್ನಡಿದು ಕಣೇ, ದಡ್ಡಿ."

ಅದೇ ಸ್ವರ. ತೊಳೆದಿಟ್ಟ ಲೋಟಕ್ಕೆ ಚಮಚ ತಾಗಿದ ಹಾಗೆ. ಬೈಸಿಕೊಂಡು ನನ್ನ ಕಣ್ಣಲ್ಲಿ ನೀರು ಬಂತು. ಮಾಮ ಗೋಡೆಯ ಕಡೆ ತಿರುಗಿ ಅಲ್ಲಿ ತೂಗುಹಾಕಿದ್ದ ಕಿವಿಯ ಚಿತ್ರವನ್ನು ಬಹಳ ಗಮನವಿಟ್ಟು ನೋಡತೊಡಗಿದ.

"ಸಾಕು, ಸಾಕು" ಎಂದು ನಕ್ಕರು ಡಾಕ್ಟರಮ್ಮ. "ಇವತ್ತಿಗೆ ಒಟ್ಟು ಹತ್ತು ನಿಮಿಷ ಮಾತ್ರ. ನಾಳೆಯಿಂದ ಸ್ವಲ್ಪ ಸ್ವಲ್ಪ ಹೆಚ್ಚು ಮಾಡಿ."

"ಹತ್ತೇನಾ?" ಎಂದಳು ಅಜ್ಜಿ. "ಹಾಗಿದ್ರೆ ಈಗಲೇ ಹೇಳಿ ಮುಗಿಸ್ತೀನಿ. ಇವರಿಗೆ ನಾಳೆ ಅಂದ್ರೆ ಮತ್ತೆ ಮಲಗಿಬಿಡ್ತಾರೆ. ಡಾಕ್ಟ್ರೇ, ಗಡಿಯಾರ ನೋಡ್ಕೊಳ್ಳಿ. ಐದನೇ ಬಾಗಿಲು ಕನ್ನಡಿದು. ಹುಡುಗಿ ಅದರ ಮುಂದೆ ನಿಂತ್ಲು. ಒಳಗೆ ಅವಳ ಥರದ್ದೇ ಒಬ್ಬಳು. ಇವಳು ಕೈ ಮುಗಿದು, ಅಕ್ಕಾ, ನೀನು ದೊಡ್ಡೋಳು, ನೀನೇ ಮುಂದೆ ನಡಿ ಅಂದ್ಲು. ಒಳಗಿನೋಳೂ ಕೈ ಮುಗಿದು ಹಾಗೇ ಅಂದ್ಲು. ಇಬ್ಬರಲ್ಲಿ ಯಾರೂ ಮುಂದೆ ಹೋಗಲ್ಲ! ಆಗ ಬಾಗಿಲ ಪಕ್ಕದಲ್ಲಿ ಒಂಟಿ ಕಾಲಲ್ಲಿ ನಿಂತಿತ್ತಲ್ಲ ಕೊಕ್ಕರೆ, ಅದಕ್ಕೆ ನಗು ತಡೀಲಿಲ್ಲ. ನಕ್ಕ ರಭಸಕ್ಕೆ ಇನ್ನೊಂದು ಕಾಲು ರೆಕ್ಕೆ ಕೆಳಗಿಂದ ಜಾರಿ ಕನ್ನಡಿಗೆ ಬಡೀತು. ಕನ್ನಡಿ ಓಲಾಡಿ ತೆರೀತು."

"ಅಜ್ಜಿ!" ಎಂದೆ. "ಕೊಕ್ಕರೆ ನಾನು ಸೇರಿಸಿದ್ದು. ಇವತ್ತು ಬೆಳಿಗ್ಗೆ."

ಅಜ್ಜಿ ನನ್ನನ್ನು ಕರುಣೆಯಿಂದ ನೋಡಿದಳು.

"ಅದು ಮೊದ್ಲಿಂದ್ಲೂ ಅಲ್ಲೇ ಇತ್ತು. ನೀನು ನಿದ್ದೆ ಹೊಡೀತಿದ್ದೆ."

ನಿದ್ದೆ ಹೊಡೆದದ್ದಂತೂ ನಿಜ. ಹೊರಗೆ ಕಾಯುತ್ತಿದ್ದವರು ಬಾಗಿಲು ತಟ್ಟುವ ತನಕ ಡಾಕ್ಟರಮ್ಮ ಗಡಿಯಾರದ ಕಡೆ ನೋಡಲಿಲ್ಲ. ಹತ್ತು ನಿಮಿಷ ದಾಟುವ ಹೊತ್ತಿಗೆ ಹುಡುಗಿ ಆರನೇ ಬಾಗಿಲಿಗೆ ಕೈ ಇಟ್ಟಿದ್ದಳಷ್ಟೆ. "ನಾಳೆ" ಎಂದು ಅಜ್ಜಿ ತುಟಿಗೆ ಬೆರಳಿಟ್ಟುಕೊಂಡು ಕುರ್ಚಿಯಿಂದಿಳಿದಳು. ಡಾಕ್ಟರಮ್ಮ ಚೀಟಿಯಲ್ಲಿ ಮರುದಿನವೂ ಬರಬೇಕೆಂದು ಬರೆದುಕೊಟ್ಟರು.

ಮನೆಗೆ ಬಂದು ಫ್ರೀಜರ್ ತೆರೆದೆ. ಎಂಟು ಲೋಟಗಳ ಮೇಲೆ ಎಂಟು ಬಕ್ರಂ ಬಿಲ್ಲೆ, ಎಂಟು ಚಮಚದ ಹಿಡಿ, ಒಂದೂ ವಾಲಿರಲಿಲ್ಲ. ಲೋಟವನ್ನು ಅಂಗೈಯಲ್ಲಿ ಉಜ್ಜಿ ಎಳೆದರೆ ಪುಳಕ್ಕನೆ ಈಚೆ ಬಂದಿತು. ಕೆಂಪೂ ಹಳದಿಯೂ ಬೇರೆಬೇರೆ ಇರಲಿಲ್ಲ, ಸೂರ್ಯ ಮುಳುಗುವಾಗಿನ ಆಕಾಶದ ಹಾಗೆ ಒಂದರೊಳಗೊಂದು ಕರಗಿದ್ದವು. ಬೆಳಿಗ್ಗೆ ಮಾಮನ ಬ್ಯಾಚಿನಲ್ಲಿ ಅದನ್ನೇ ಕೆಸರು ಎಂದಿದ್ದೆವು. ಮಾಮ ಅದನ್ನು ನೆನಪಿಸಲು ಮರೆಯಲಿಲ್ಲ.

ಅಜ್ಜಿಗೆ ಮೊದಲನೆಯದು ಕೊಟ್ಟೆ. ಅವಳು ಅದನ್ನು ಬಾಯಿಗಿಡಲಿಲ್ಲ. ಚಮಚದ ಹಿಡಿಯಲ್ಲಿ ಇನ್ನೂ ಸಿಕ್ಕಿಕೊಂಡಿದ್ದ ಬಿಲ್ಲೆಯನ್ನು ಬಿಡಿಸಿ, ಬೆಳಕಿಗೆ ಹಿಡಿದು, ಸೀಳಿನ ಅಂಚನ್ನು ಬೆರಳಿನಿಂದ ಸವರಿದಳು. ಅಂಥ ಸೀಳು ಆ ಮನೆಯಲ್ಲಿ ಯಾರ ಕೈಕೆಲಸ ಎಂದು ಕೇಳಬೇಕಾಗಿರಲಿಲ್ಲ. ಮಾಮ ತಂದುಕೊಟ್ಟಿದ್ದ ಹೊಸ ಬಳಪದಲ್ಲಿ ನಿಧಾನವಾಗಿ ಬರೆದು ಸ್ಲೇಟನ್ನು ಅಮ್ಮನ ಕಡೆ ತಿರುಗಿಸಿದಳು:

"ಇದು ಎಷ್ಟು ವರ್ಷದಿಂದ ಗೊತ್ತಿತ್ತು?"

ನಾನು ಅಮ್ಮನನ್ನು ನೋಡಿದೆ. ಅಮ್ಮ ನನ್ನನ್ನು ನೋಡಿದಳು. ಆಮೇಲೆ ತನ್ನ ಲೋಟದ ಕ್ಯಾಂಡಿಯನ್ನು ಎಳೆದು, ಇಡಿಯಾಗಿ ಬಾಯಿಗೆ ತುರುಕಿಕೊಂಡು, ಈಗ ಮಾತಾಡಲು ಆಗುವುದಿಲ್ಲ ಎಂದು ಕೈಸನ್ನೆ ಮಾಡಿದಳು.